ಅತ್ತೆಯ ಬೆರಳುಗಳಿಗೆ ಒಂದು ಕೆಲಸ

ನಮ್ಮತ್ತೆಗೆ ಮರೆವಿನ ಕಾಯಿಲೆ. ಸಂಜೆಯಾದರೆ ಸಾಕು, ಕೈ ಸುಮ್ಮನಿರುತ್ತಿರಲಿಲ್ಲ. ಹೊದಿಕೆಯ ಅಂಚು ಕೀಳುವುದು, ಎಳೆ ಬಿಡಿಸುವುದು, ಉಗುರಿನ ಪಕ್ಕದ ಚರ್ಮ ಕೆರೆಯುವುದು. "ಸುಮ್ನೆ ಕೂತ್ಕೊಳ್ಳಿ ಅತ್ತೆ" ಅಂದರೆ ಇನ್ನೂ ಜಾಸ್ತಿ. ಆಸ್ಪತ್ರೆಗೆ ಸೇರಿಸಿದ್ದಾಗ ಒಂದು ರಾತ್ರಿ ಡ್ರಿಪ್ಸ್ ಸೂಜಿಯನ್ನೇ ಕಿತ್ತುಹಾಕಿದರು. "ಬೈಬೇಡಿ, ಆ ಕೈಗೊಂದು ಕೆಲಸ ಕೊಡಿ" ಅಂದವರು ಒಬ್ಬ ನರ್ಸ್. ಟ್ವಿಡಲ್ ಮಫ್ ಅನ್ನುವ ಹೆಸರು ಕೇಳಿದ್ದೂ ಅವರಿಂದಲೇ. ಸ್ವೆಟರಿನ ತೋಳು ಕತ್ತರಿಸಿದ ಹಾಗಿರುತ್ತದೆ. ಎರಡು ಕಡೆಯಿಂದಲೂ ಕೈ ತೂರಿಸಬಹುದು. ಒಳಗೂ ಹೊರಗೂ ಬೆರಳಾಡಿಸೋಕೆ ಏನೇನೋ ಹೊಲಿದಿರುತ್ತಾರೆ.

ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆ, ನನಗೆ ಮೊದಲಿಂದ ಗೊತ್ತು. ಒಂದು ವಾರ ಕೂತು ಹಾಕಿದೆ. ತಿಳಿ ಬಣ್ಣದ ಮೇಲೆ ದೊಡ್ಡ ಕಪ್ಪು ಹೂವು, ಸುತ್ತ ಮುತ್ತಿನಂಥ ಮಣಿ. ನೋಡಿದವರೆಲ್ಲ ಹೊಗಳಿದರು. ಅತ್ತೆ ಮಾತ್ರ ಕೈ ಹಿಂದೆಳೆದುಕೊಂಡರು. "ತೂತಿದೆ ಅಲ್ಲಿ" ಅಂದರು. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಕಂಡದ್ದನ್ನು ಮಿದುಳು ತಪ್ಪಾಗಿ ಓದಬಹುದು. ಕಪ್ಪು ಮಚ್ಚೆ ಹಳ್ಳದ ಹಾಗೆ ಕಾಣುತ್ತದೆ. ಮೂರನೇ ದಿನ ಒಂದು ಮಣಿ ಅವರ ಬಾಯಲ್ಲಿ ಸಿಕ್ಕಿತು. ಬಲೆಯಂಥ ಡಿಸೈನಿನಲ್ಲಿ ಬೆರಳು ಸಿಕ್ಕಿಕೊಂಡದ್ದು ಬೇರೆ. ಬಿಚ್ಚಿ ಉಂಡೆ ಸುತ್ತಿಟ್ಟೆ. ನೋಡುವವರಿಗೆ ಅಂತ ಹಾಕಿದ್ದೆ ಅಲ್ವಾ, ಇನ್ನೇನಾಗುತ್ತೆ?

ಎರಡನೆಯದಕ್ಕೆ ಅಕ್ರಿಲಿಕ್ ಉಲ್ಲನ್ ತೆಗೆದುಕೊಂಡೆ. ಮಷೀನಿಗೆ ಹಾಕಿದರೂ ಕುಗ್ಗುವುದಿಲ್ಲ. ತುಪ್ಪಟದಂಥ ಉಲ್ಲನ್ ಬೇಡ, ರೋಮ ಉದುರಿ ಬಾಯಿಗೆ ಹೋಗುತ್ತದೆ. ಹೊದಿಕೆ ಬಿಳಿ ಇದ್ದದ್ದರಿಂದ ಮಫ್‌ಗೆ ಗಾಢ ಕೆಂಪು, ಮಡಿಲಲ್ಲಿದ್ದರೆ ಎದ್ದು ಕಾಣಲಿ ಅಂತ. ಎರಡೆಳೆ ಸೇರಿಸಿ, 6 ಮಿ.ಮೀ. ಕಡ್ಡಿಯಲ್ಲಿ 40 ಚೈನ್, ಅಂದರೆ ಸರಪಳಿಯಂಥ ಕುಣಿಕೆ. ಉಂಗುರ ಮಾಡಿ ಸುತ್ತಲೂ ಸಿಂಗಲ್ ಕ್ರೋಶಾ, ಗಿಡ್ಡ ಒತ್ತು ಹೆಣಿಗೆ. ಹೆಣಿಗೆ ಒತ್ತಾಗಿದ್ದರೆ ಬೆರಳು ಸಿಕ್ಕುವುದಿಲ್ಲ. ಅಲ್ಲಲ್ಲಿ ಒಂದು ಸುತ್ತು ಉಬ್ಬು ಗುಳ್ಳೆಗಳನ್ನು ಹಾಕಿದೆ. ಸುಮಾರು 60 ಸೆಂ.ಮೀ. ಆದಮೇಲೆ ಅರ್ಧವನ್ನು ಒಳಕ್ಕೆ ಮಡಚಿದರೆ 30 ಸೆಂ.ಮೀ. ಉದ್ದದ ಎರಡು ಪದರದ ಮಫ್. ಆದರೆ ಮಡಚುವ ಮೊದಲೇ ಎಲ್ಲ ಹೊಲಿದು ಮುಗಿಸಬೇಕು. ಗಂಟುಗಳೆಲ್ಲ ಎರಡು ಪದರದ ನಡುವೆ ಅಡಗುತ್ತವೆ.

ಏನೇನು ಹೊಲಿದೆ ಅನ್ನುವುದಕ್ಕಿಂತ ಯಾಕೆ ಅನ್ನುವುದು ಮುಖ್ಯ. ಅತ್ತೆ ವರ್ಷಗಟ್ಟಲೆ ಬಟ್ಟೆ ಹೊಲಿದವರು. ಅದಕ್ಕೇ ದೊಡ್ಡ ಗುಂಡಿಗಳ ಪಟ್ಟಿ, ಎದುರಿಗೆ ಕಾಜಾ. ಒಳಗಡೆ ನುಣುಪು ಸ್ಯಾಟಿನ್ ರಿಬ್ಬನ್, ಬೆರಳುದ್ದ ಮಾತ್ರ. ಉದ್ದ ಬಿಟ್ಟರೆ ಬೆರಳಿಗೆ ಸುತ್ತಿಕೊಳ್ಳುತ್ತದೆ. ಲೋಹದ ಜಿಪ್ಪು ಅವರ ತೆಳು ಚರ್ಮಕ್ಕೆ ಗೀರಿತು, ತೆಗೆದೆ. ಗುಂಡಿಗೆ ಗಟ್ಟಿ ನೈಲಾನ್ ದಾರ ಬೇಕೇ ಬೇಕು. ಹೊಲಿದಾದ ಮೇಲೆ ಒಂದೊಂದನ್ನೂ ಕೀಳಲೇಬೇಕು ಅಂತ ಹಟ ಹಿಡಿದು ಜಗ್ಗಿದೆ. ಎರಡು ಗುಂಡಿ ಕಿತ್ತು ಕೈಗೆ ಬಂದವು. ಆಮೇಲೆ ಸೂಜಿ ಎಲ್ಲೂ ಉಳಿದಿಲ್ಲ ಅಂತ ಇಡೀ ಮಫ್ ಹಿಸುಕಿ ನೋಡಿದೆ.

ಕೊಟ್ಟ ದಿನ ಏನೂ ಹೇಳಲಿಲ್ಲ, ಮಡಿಲಲ್ಲಿಟ್ಟೆ ಅಷ್ಟೇ. ಸ್ವಲ್ಪ ಹೊತ್ತು ಅದು ಅಲ್ಲೇ ಇತ್ತು. ಆಮೇಲೆ ಹೆಬ್ಬೆರಳು ಗುಂಡಿಯ ಅಂಚು ಹುಡುಕಿತು. ಕಾಜಾದೊಳಗೆ ಓರೆಯಾಗಿ ತೂರಿಸಿ, ಆ ಕಡೆಯಿಂದ ತೋರುಬೆರಳಲ್ಲಿ ಎಳೆದುಕೊಂಡರು. ಒಂದು, ಎರಡು, ಮೂರು. ಎಲ್ಲ ಹಾಕಿ, ಅಂಗೈಯಲ್ಲಿ ಸವರಿ, ಮತ್ತೆ ಬಿಚ್ಚಿದರು. ಹೊದಿಕೆಯ ಕಡೆ ಕೈ ಹೋಗಲಿಲ್ಲ. ದಿನಾ ಹೀಗೇ ಇರುತ್ತೆ ಅಂತಲ್ಲ. ಕೆಲವು ಸಂಜೆ ಎತ್ತಿ ಬಿಸಾಕುತ್ತಾರೆ.

ಈಗ ಎರಡಿವೆ, ಒಂದು ಒಗೆಯೋಕೆ ಹೋದಾಗ ಇನ್ನೊಂದು ಇರಲಿ ಅಂತ. ಹೊಸದರ ಅಂಚಿನಲ್ಲಿ ನಾನು ಸರಿಯಾಗಿ ಸೇರಿಸದೆ ಬಿಟ್ಟ ಒಂದು ಎಳೆ ಅತ್ತೆಯ ಬೆರಳಿಗೆ ಸಿಕ್ಕಿತು. ನನ್ನ ಹೆಸರು ಅವರಿಗೆ ನೆನಪಿಲ್ಲ. ಎಳೆ ಎತ್ತಿ ಹಿಡಿದು ನನ್ನ ಕಡೆ ನೋಡಿದರು. "ಯಾರಮ್ಮ ಹೊಲಿದಿದ್ದು ಇದನ್ನ? ಗಂಟೇ ಹಾಕಿಲ್ಲ!"