ತಾರಸಿ ನೀರಿಗೊಂದು ಇಂಗುಬಾವಿ: ಮನೆಯಲ್ಲೇ ಮಾಡಿಸುವುದು ಹೇಗೆ?

ಜೋರು ಮಳೆ ಬಂತೆಂದರೆ ತಾರಸಿ ಪೈಪಿನಿಂದ ನೀರು ಧೋ ಎಂದು ರಸ್ತೆಗೆ ಸುರಿಯುತ್ತದೆ. ವಾರ ಕಳೆಯುವುದರೊಳಗೆ ಅದೇ ಮನೆಯವರು ಟ್ಯಾಂಕರಿಗೆ ಫೋನ್ ಮಾಡುತ್ತಾರೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೊಮೀಟರ್ ದೂರದಿಂದ ಪಂಪಿನಲ್ಲಿ ಮೇಲೇರಿ ಬರಬೇಕು. ನಮ್ಮ ತಾರಸಿ ಮೇಲೇ ಬಿದ್ದ ನೀರನ್ನು ಮಾತ್ರ ಸುಮ್ನೆ ಮೋರಿಗೆ ಬಿಡುತ್ತೇವೆ.

ನಲ್ಲಿ ಬರುವ ಮುಂಚೆ ಈ ಊರನ್ನು ಸಾಕಿದ್ದು ಕೆರೆ, ಕಲ್ಯಾಣಿ ಮತ್ತು ತೆರೆದ ಬಾವಿ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳಲ್ಲೂ ನೀರೇರುತ್ತಿತ್ತು. ಆ ಬಾವಿಗಳು ಸತ್ತಿಲ್ಲ. ಕಬ್ಬನ್ ಪಾರ್ಕಿನ ಹಳೇ ಬಾವಿಗಳ ಹೂಳೆತ್ತಿದಾಗ ನೀರು ಮತ್ತೆ ಬಂತು. ಅದೇ ವಿದ್ಯೆಯನ್ನು 30x40 ಸೈಟಿಗೂ ತರಬಹುದು. ತಾರಸಿ ನೀರನ್ನು ನೆಲದೊಳಗೆ ಇಳಿಸಿ ಮಣ್ಣಿಗೆ ಕುಡಿಸುವ ಈ ಬಾವಿಯೇ ಇಂಗುಬಾವಿ.

ಮೊದಲು ಲೆಕ್ಕ. ನಿಮ್ಮ ತಾರಸಿ 1,000 ಚದರಡಿ ಎಂದಿಟ್ಟುಕೊಳ್ಳಿ. ಬೆಂಗಳೂರಿನ ವರ್ಷದ ಮಳೆ ಸುಮಾರು 970 ಮಿ.ಮೀ. ಅಂದರೆ ಸುಮಾರು 90,000 ಲೀಟರ್ ನೀರು. ಸೋರಿದ್ದು, ಆರಿದ್ದು ಕಳೆದರೂ 70,000 ಲೀಟರ್ ಕೈಗೆ ಸಿಗುತ್ತದೆ. ಕಡಿಮೆ ಏನಲ್ಲ, ಅಲ್ವಾ?

ಆಮೇಲೆ ಜಾಗ. ಪಾಯದಿಂದ ಆದಷ್ಟು ದೂರವಿರಲಿ, ಅಗೆಯುವ ಮುಂಚೆ ಇಂಜಿನಿಯರ್‌ಗೆ ಒಮ್ಮೆ ತೋರಿಸಿ. ಪಾಯಿಖಾನೆ ಗುಂಡಿ ಅಥವಾ ಒಳಚರಂಡಿ ಪೈಪಿನ ಹತ್ತಿರವಂತೂ ಬೇಡವೇ ಬೇಡ. ಹಳ್ಳಿಯಲ್ಲಿ ಸಿಹಿನೀರಿನ ಬಾವಿ ಕಟ್ಟೆ ಮೇಲೆ ಬಟ್ಟೆ ಒಗೆಯಲು ಬಿಡುತ್ತಿರಲಿಲ್ಲ. ಆ ಎಚ್ಚರ ನಮಗೂ ಬೇಕು. ಬಚ್ಚಲ ನೀರು, ಕಾರು ತೊಳೆದ ನೀರು ಇದರೊಳಗೆ ಒಂದು ಹನಿಯೂ ಇಳಿಯಬಾರದು.

ತೋಡುವುದಕ್ಕೆ ಬಾವಿ ಕೆಲಸ ಬಲ್ಲವರನ್ನೇ ಕರೆಯಿರಿ. ಬೆಂಗಳೂರಿನ ಸುತ್ತ ತಲೆತಲಾಂತರದಿಂದ ಈ ಕೆಲಸ ಮಾಡುತ್ತ ಬಂದ ಭೋವಿ ಕುಟುಂಬಗಳಿವೆ. ನಮ್ಮ ಮನೆಗೆ ಬಂದವರು ಹಾರೆ, ಗುದ್ದಲಿ, ಹಗ್ಗ, ಬಕೆಟ್ ಇಷ್ಟೇ ತಂದಿದ್ದರು. ಒಬ್ಬರು ಕೆಳಗೆ, ಒಬ್ಬರು ಮೇಲೆ. ಮೇಲೆ ಬಂದ ಪ್ರತಿ ಬಕೆಟ್ ಮಣ್ಣನ್ನೂ ಅಂಗೈಯಲ್ಲಿ ಹಿಂಡಿ ನೋಡುತ್ತಿದ್ದರು. ಉಂಡೆಯಾಗಿ ಅಂಟಿದರೆ ಜೇಡಿ, ಇನ್ನೂ ಇಳಿಯಬೇಕು. ಮರಳುಮರಳಾಗಿ ಉದುರಿದರೆ ನೀರು ಕುಡಿಯುವ ಮಣ್ಣು. ಯಾವ ಯಂತ್ರವೂ ಬೇಕಾಗಲಿಲ್ಲ. ಈ ಕೈಗಳಿಗೆ ಕೊಡುವ ಕೂಲಿಯಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ.

ಅಗಲ 3 ಅಡಿ, ಆಳ 20 ಅಡಿ ಇದ್ದರೆ ಸುಮಾರು 4,000 ಲೀಟರ್ ಹಿಡಿಯುತ್ತದೆ. 40 ಮಿ.ಮೀ. ಮಳೆ ಸುರಿದರೂ ನಿಮ್ಮ ತಾರಸಿಯ ನೀರು ಪೂರ್ತಿ ಅದರೊಳಗೆ ಕೂರುತ್ತದೆ. ಸಿಮೆಂಟ್ ರಿಂಗ್‌ಗಳನ್ನು ಒಂದರ ಮೇಲೊಂದು ಇಳಿಸಿ, ಆದರೆ ಸಂದಿಗೆ ಸಿಮೆಂಟ್ ಮೆತ್ತಬೇಡಿ. ನೀರು ಹೊರಗಿಳಿಯುವುದೇ ಆ ಸಂದಿಗಳಿಂದ. ರಿಂಗಿನ ಸುತ್ತ ಜಲ್ಲಿ ತುಂಬಿ. ತಳಕ್ಕೆ ಕಾಂಕ್ರೀಟ್ ಹಾಕಬೇಡಿ, ಮಣ್ಣು ಹಾಗೇ ಇರಲಿ. ಐದಾರು ಅಡಿಗೇ ಬಂಡೆ ಅಥವಾ ನೀರು ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ. ಅಂಥ ಕಡೆ ಇಂಗುಬಾವಿಗಿಂತ ಸಂಪ್ ವಾಸಿ.

ಇನ್ನು ಫಿಲ್ಟರ್. ಒಂದು ಡ್ರಮ್ಮಿನ ತಳಕ್ಕೆ ಜಲ್ಲಿ, ಮೇಲೆ ಬಲೆ, ಅದರ ಮೇಲೆ ಮರಳು. ತಾರಸಿ ನೀರು ಇದರಲ್ಲಿ ಸೋಸಿಯೇ ಬಾವಿಗೆ ಇಳಿಯಬೇಕು. ವರ್ಷದ ಮೊದಲ ಮಳೆಯಲ್ಲಿ ಧೂಳು, ಹಕ್ಕಿ ಹಿಕ್ಕೆ ಎಲ್ಲಾ ಬರುತ್ತವೆ. ಆ ನೀರನ್ನು ಹೊರಗೆ ಬಿಡಲು ಪೈಪಿಗೊಂದು ವಾಲ್ವ್ ಇರಲಿ.

ಬಾಯಿಗೆ ಗಟ್ಟಿ ಸ್ಲ್ಯಾಬ್ ಅಥವಾ ಬೀಗ ಹಾಕುವ ಕಬ್ಬಿಣದ ಜಾಲರಿ ಬೇಕೇ ಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ನಾಳೆಗೆ ಇಡಬೇಡಿ. ಹೂಳೆತ್ತಲು ಯಾರನ್ನೂ ಒಬ್ಬರನ್ನೇ ಇಳಿಸಬೇಡಿ. ಮುಚ್ಚಿದ ಬಾವಿಯಲ್ಲಿ ಉಸಿರುಗಟ್ಟುವ ಗಾಳಿ ನಿಂತಿರಬಹುದು. ಮೊದಲು ಬಾಯಿ ತೆರೆದಿಟ್ಟು, ಬ್ಲೋವರ್‌ನಿಂದ ಗಾಳಿ ಬಿಟ್ಟು, ಒಳಗಿನ ಗಾಳಿ ಪರೀಕ್ಷೆ ಮಾಡಿಸಿದ ಮೇಲೇ ಇಳಿಯಬೇಕು.

ಮೊದಲ ದೊಡ್ಡ ಮಳೆ ನಿಂತ ಮೇಲೆ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಹಗ್ಗ ಎಲ್ಲಿವರೆಗೆ ಒದ್ದೆಯಾಯಿತೋ ಅಲ್ಲೊಂದು ಗಂಟು ಹಾಕಿ. ಮರುದಿನ ಬೆಳಿಗ್ಗೆ ಮತ್ತೆ ನೋಡಿ. ನೀರು ಇಳಿದಿದ್ದರೆ ಮಣ್ಣು ಕುಡಿಯುತ್ತಿದೆ. ಮೊದಲು ಚೆನ್ನಾಗಿ ಇಂಗುತ್ತಿದ್ದ ಬಾವಿಯಲ್ಲಿ ಮೂರು ದಿನವಾದರೂ ನೀರು ಹಾಗೇ ನಿಂತರೆ ತಳದಲ್ಲಿ ಹೂಳು ಕೂತಿದೆ ಎಂದರ್ಥ, ಬಾವಿಯವರಿಗೆ ಫೋನ್ ಮಾಡಿ.