ಕಡಂಗದ ಅಡಿಯ ಮಣ್ಣಿನಲ್ಲಿ ಹಳೆಯ ಹವಾಮಾನ: ನನ್ನ ಅನುಭವ

ಕೊಡಗಿನ ಕೆಂಪು ಮಣ್ಣಿನಲ್ಲಿ ಹಳೆಯ ಹವಾಮಾನದ ಗುರುತು ಹುಡುಕುವುದು ವ್ಯರ್ಥವೆಂದು ನನಗೆ ಹೇಳಿದವರೆಲ್ಲ ಈ ಕೆಲಸ ಬಲ್ಲವರೇ, ಮತ್ತು ಅವರು ಕೊಟ್ಟ ಕಾರಣಗಳೂ ಸುಳ್ಳಲ್ಲ. ಮೈಸೂರು, ಚಾಮರಾಜನಗರದ ಕಡೆ ಸಿಗುವ ಸುಣ್ಣದ ಗಂಟುಗಳು ಇಲ್ಲಿನ ಮಳೆಗೆ ಉಂಟಾಗುವುದೇ ಇಲ್ಲ. ನೀರು ಬಸಿದು ಗಾಳಿಯಾಡುವ ಮಣ್ಣಿನಲ್ಲಿ ಪರಾಗ ಉಳಿಯುವುದಿಲ್ಲ. ಏನಾದರೂ ಉಳಿದರೆ ಅದನ್ನು ಗೆದ್ದಲು ಮೇಲೆ ಕೆಳಗೆ ಮಾಡಿರುತ್ತದೆ. ಆದರೆ ಹುಲ್ಲಿನ ಎಲೆಯಲ್ಲಿ ಬೆಳೆಯುವ ಸಿಲಿಕಾ ಕಣಗಳು, ಅಂದರೆ ಫೈಟೊಲಿತ್‌ಗಳು, ಹುಳಿ ಮಣ್ಣಿನಲ್ಲಿ ಚೆನ್ನಾಗಿಯೇ ಉಳಿಯುತ್ತವೆ ಎಂಬ ಒಂದೇ ನಂಬಿಕೆಯ ಮೇಲೆ ನಾನು ಹೊರಟೆ.

ಮೊದಲು ಕೈಹಾಕಿದ್ದು 2018ರ ಆಗಸ್ಟ್‌ನಲ್ಲಿ ಕುಸಿದ ಬರೆಗಳಿಗೆ. ಅಷ್ಟು ಆಳದ ಹೊಸ ಸೀಳು ಬೇರೆಲ್ಲೂ ಸಿಗದು. ಆದರೆ ಇಳಿಜಾರಿನ ಮಣ್ಣು ಹಿಂದೆಯೂ ಹಲವು ಬಾರಿ ಜಾರಿ ಕಲಸಿಹೋಗಿರುವುದರಿಂದ ಪದರಗಳಿಗೆ ಕ್ರಮವೇ ಇರಲಿಲ್ಲ. ಇಡೀ ಮಣ್ಣಿನ ಇಂಗಾಲಕ್ಕೆ ಮಾಡಿಸಿದ ಕಾಲನಿರ್ಣಯದಲ್ಲಿ ಕೆಳಗಿನ ಪದರ ಮೇಲಿನದಕ್ಕಿಂತ ಹೊಸದಾಗಿ ಬಂತು, ಸುಮಾರು 40,000 ರೂಪಾಯಿ ನೀರುಪಾಲಾಯಿತು. ಅಲ್ಲಿಂದ ಮುಂದೆ ಕೈಯಿಂದ ಆರಿಸಿದ ಇದ್ದಿಲಿನ ಚೂರುಗಳನ್ನು ಮಾತ್ರ ಕಳುಹಿಸುತ್ತ ಬಂದಿದ್ದೇನೆ.

ಗೆದ್ದಲಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಡಂಗದಲ್ಲಿ, ಅಂದರೆ ಕೊಡಗಿನ ಹಳೆಯ ಕಂದಕ ಮತ್ತು ಅದರ ಪಕ್ಕದ ಮಣ್ಣಿನ ಏರಿಯಲ್ಲಿ. ಕಂದಕ ತೋಡಿದವರು ಆ ಮಣ್ಣನ್ನು ಪಕ್ಕದಲ್ಲಿ ಏರಿಯಾಗಿ ಒಟ್ಟಿದ ದಿನವೇ ಅಂದಿನ ನೆಲ ಅದರಡಿ ಮುಚ್ಚಿಹೋಯಿತು. ಬೇರು, ಹುಳ, ಗೆದ್ದಲುಗಳ ಹೆಚ್ಚಿನ ಓಡಾಟ ಅಂದಿನಿಂದ ಮೇಲಿನ ಏರಿಯಲ್ಲೇ ನಡೆದಿದೆ. ವಿರಾಜಪೇಟೆಯ ಕಡೆ ಒಂದು ಕಾಫಿ ತೋಟದೊಳಗಿನ ರಸ್ತೆ ಕಡಂಗವನ್ನು ಕಡಿದುಕೊಂಡು ಹೋಗಿದ್ದರಿಂದ ನಾನು ಅಗೆಯಬೇಕಾಗಲಿಲ್ಲ, ಕರಣೆಯಿಂದ ಮುಖ ಕೆರೆದರೆ ಸಾಕಾಯಿತು. ತೋಟದ ಹಿರಿಯರು, “ಮಣ್ಣು ಎಷ್ಟು ಬೇಕಾದ್ರೂ ತಗೊಳ್ಳಿ ಮೇಷ್ಟ್ರೇ, ಮೇಲಿನ ಮರದ ಬೇರಿಗೆ ಮಾತ್ರ ಏನೂ ಆಗ್ಬಾರ್ದು” ಎಂದರು. ಏರಿಯ ನೆತ್ತಿಯಿಂದ ಎರಡು ಮೀಟರ್ ಕೆಳಗೆ, ಕೆಂಪು ಮಣ್ಣಿನ ನಡುವೆ ಒಂದು ಗೇಣು ದಪ್ಪದ ಕಂದು ಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಂದಿನ ನೆಲ ಅದೇ. ಮಾದರಿಗಳನ್ನು ಕಡ್ಡಾಯವಾಗಿ ಬೇಸಿಗೆಯಲ್ಲೇ ತೆಗೆಯಬೇಕು. ಜುಲೈನಲ್ಲಿ ತಂದ ಮಣ್ಣು ಒಣಗುವ ಮೊದಲೇ ಬೂಸ್ಟು ಹಿಡಿಯುತ್ತದೆ, ಆ ಮೇಲೆ ಅದರ ಇಂಗಾಲವನ್ನು ನಂಬುವಂತಿಲ್ಲ.

ಹಣ ಮತ್ತು ತಾಳ್ಮೆ ಎರಡನ್ನೂ ತಿಂದದ್ದು ಕಬ್ಬಿಣ. ಫೈಟೊಲಿತ್ ತೆಗೆಯಲು ಎಲ್ಲರೂ ಮಾಡುವಂತೆ ಹೈಡ್ರೋಜನ್ ಪೆರಾಕ್ಸೈಡ್, ಆಮೇಲೆ ಹೆಕ್ಸಾಮೆಟಾಫಾಸ್ಫೇಟ್ ಹಾಕಿ ಜೇಡಿ ಬೇರ್ಪಡಿಸಲು ನೋಡಿದರೆ, ಕಬ್ಬಿಣದ ಆಕ್ಸೈಡ್ ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸಿಯೇ ಇಟ್ಟಿರುತ್ತದೆ. ಸ್ಲೈಡಿನ ತುಂಬ ಕೆಂಪು ಮೋಡ ಬಿಟ್ಟರೆ ಬೇರೇನೂ ಇಲ್ಲ. ಫೈಟೊಲಿತ್ ತೇಲಿಸುವ ಸಾಂದ್ರ ದ್ರವಕ್ಕೆ ಬೇಕಾದ ಸೋಡಿಯಂ ಪಾಲಿಟಂಗ್‌ಸ್ಟೇಟ್ ಅರ್ಧ ಕೆ.ಜಿ.ಗೆ ಆಗ ಮೂವತ್ತು ಸಾವಿರದ ಮೇಲೆ ಕೊಟ್ಟ ನೆನಪು. ಅದರಲ್ಲಿ ಕಾಲುಭಾಗ ಈ ಜೇಡಿಯ ಗಂಟುಗಳಲ್ಲೇ ಸೇರಿಹೋಯಿತು. ಮಣ್ಣು ವಿಜ್ಞಾನದವರು ಕಬ್ಬಿಣ ಅಳೆಯಲು ಬಳಸುವ ಸಿಟ್ರೇಟ್-ಬೈಕಾರ್ಬೊನೇಟ್-ಡೈಥಯೊನೈಟ್ ವಿಧಾನವನ್ನು ಮೊದಲೇ ನಡೆಸಿ ನೋಡಿದಾಗ ದಾರಿ ತೆರೆಯಿತು. 75 ಡಿಗ್ರಿಯ ಆಸುಪಾಸಿನಲ್ಲಿ ಡೈಥಯೊನೈಟ್ ಬಿದ್ದ ಕೆಲವೇ ನಿಮಿಷಗಳಲ್ಲಿ ಇಟ್ಟಿಗೆ ಬಣ್ಣದ ರಾಡಿ ಬೂದಿ ಬಣ್ಣಕ್ಕೆ ತಿರುಗುತ್ತದೆ. 80 ದಾಟಿದರೆ ಗಂಧಕ ಕೂತುಬಿಡುತ್ತದೆ. ಎಷ್ಟು ಸಲ, ಯಾವ ಪ್ರಮಾಣದಲ್ಲಿ, ನಡುವೆ ಏನು ಮಾಡಿ ಹಾಕಬೇಕೆಂಬುದು ನಾನು ಕಷ್ಟಪಟ್ಟು ಕಂಡುಕೊಂಡದ್ದು, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ ನಂತರ 2.3ರ ಸಾಂದ್ರತೆಯಲ್ಲಿ ತೇಲಿಸಿದ ಸ್ಲೈಡುಗಳಷ್ಟು ಶುದ್ಧವಾದವನ್ನು ಜಂಬಿಟ್ಟಿಗೆ ಮಣ್ಣಿನಿಂದ ಬೇರೆಯವರು ತೆಗೆದದ್ದನ್ನು ನಾನು ಕಂಡಿಲ್ಲ.

ಇಷ್ಟಾದರೂ ಓದುವ ಕಷ್ಟ ಬೇರೆಯೇ. ಮರಗಳು ಸಿ-3, ಒಣ ಹವೆಯ ಬಹುತೇಕ ಹುಲ್ಲುಗಳು ಸಿ-4 ಎಂಬ ಬೇರೆ ಬೇರೆ ಬಗೆಯಲ್ಲಿ ಇಂಗಾಲ ಹೀರುತ್ತವೆ; ಸಿ-4 ಹೆಚ್ಚಿದಷ್ಟೂ ಮಣ್ಣಿನ ಕಾರ್ಬನ್-13ರ (ಇಂಗಾಲದ ಭಾರವಾದ ಸಮಸ್ಥಾನಿಯ) ಮೌಲ್ಯ ಮೇಲೇರುತ್ತದೆ. ಆದರೆ ಆ ಮೌಲ್ಯವೊಂದನ್ನೇ ಹಿಡಿದು ಕಾಡು, ಹುಲ್ಲುಗಾವಲು ಎಂದು ತೀರ್ಪು ಕೊಡುವುದು ಕೊಡಗಿನಲ್ಲಿ ನಡೆಯದು. ಬಿದಿರೂ ಭತ್ತವೂ ಹುಲ್ಲಿನ ಜಾತಿಯೇ ಆದರೂ ಮರಗಳಂತೆ ಸಿ-3 ಗುಂಪಿನವು, ಆದ್ದರಿಂದ ಸಮಸ್ಥಾನಿಯ ಲೆಕ್ಕದಲ್ಲಿ ಅವು ಕಾಡಿನೊಳಗೇ ಅಡಗಿಬಿಡುತ್ತವೆ. ರಾಗಿ ಸಿ-4, ಕುಮರಿ ಕಡಿದು ಸುಟ್ಟು ರಾಗಿ ಬಿತ್ತಿದ ನೆಲ, ಒಣ ಹವೆಯಲ್ಲಿ ಹುಲ್ಲು ಹಬ್ಬಿದ ನೆಲದಂತೆಯೇ ತೋರುತ್ತದೆ. ಇದಕ್ಕಾಗಿ ಕುಶಾಲನಗರದ ಕಡೆಯಿಂದ ರಾಗಿ ಹುಲ್ಲು, ತಲಕಾವೇರಿಯ ಮೇಲಿನ ಬೋಳುಗುಡ್ಡದ ಹುಲ್ಲು, ತೋಟದಂಚಿನ ಬಿದಿರಿನ ಎಲೆ ಎಲ್ಲವನ್ನೂ ಸುಟ್ಟು ಬೂದಿಯ ಸ್ಲೈಡು ಮಾಡಿಟ್ಟುಕೊಂಡೆ. ಬಿದಿರಿನ ಕಣ ಗುರುತಿಗೆ ಸುಲಭ. ರಾಗಿಯ, ಕುದುರೆಯ ಜೀನಿನಾಕಾರದ ಕಣಗಳು ಕಾಡು ಹುಲ್ಲಿನ ಕೆಲವು ಕಣಗಳಿಗೆ ತೀರ ಹತ್ತಿರ, ಆದ್ದರಿಂದ ಆಕಾರವನ್ನಷ್ಟೇ ನೋಡಿ ರಾಗಿ ಎನ್ನುವುದಿಲ್ಲ; ಅದೇ ಪದರದಲ್ಲಿ ಇದ್ದಿಲು ಎಷ್ಟಿದೆ ಎಂಬುದನ್ನೂ ಸೇರಿಸಿ ನೋಡುತ್ತೇನೆ. ಬೆಂಕಿ ಬಿದ್ದ ಮಣ್ಣಿನ ಕಾಂತತ್ವ ಹೆಚ್ಚುತ್ತದೆಂದು ಎರವಲು ಉಪಕರಣದಲ್ಲಿ ಅದನ್ನೂ ಅಳೆದೆ, ಆದರೆ ಇಲ್ಲಿನ ಮಣ್ಣಿನದೇ ಕಬ್ಬಿಣ ಅದನ್ನು ಮುಚ್ಚಿಹಾಕುತ್ತದೆ.

ಹೋಲಿಕೆಗೆಂದು ಆಡಳಿತ ಸಮಿತಿಯ ಒಪ್ಪಿಗೆ ಪಡೆದು ಪಕ್ಕದ ದೇವರಕಾಡಿನಿಂದ ತೆಗೆದ ಮೇಲ್ಮಣ್ಣಿನ ಕಾರ್ಬನ್-13 ಮೌಲ್ಯ ಪ್ರತಿ ಸಾವಿರಕ್ಕೆ ಮೈನಸ್ 27ರ ಹತ್ತಿರ ಬಂತು. ಕಡಂಗದಡಿಯ ಕಂದು ಪಟ್ಟಿ ಮೈನಸ್ 23, ಅದಕ್ಕೂ ಅರ್ಧ ಮೀಟರ್ ಕೆಳಗೆ ಮೈನಸ್ 20ರ ಆಸುಪಾಸು. ಕಾಡಿನ ಮಣ್ಣಿನಲ್ಲೂ ಆಳಕ್ಕೆ ಹೋದಂತೆ ಕೊಳೆಯುವಿಕೆಯಿಂದಲೇ ಎರಡು ಮೂರು ಅಂಶ ಏರುವುದು ಸಹಜ, ಆದರೆ ಏಳು ಅಂಶ ಏರುವುದಿಲ್ಲ. ಕಂದು ಪಟ್ಟಿಯಲ್ಲಿ ಜೀನಿನಾಕಾರದ ಕಣಗಳ ಜೊತೆ ಇದ್ದಿಲು ತುಂಬಿದೆ. ಕೆಳಗಿನದರಲ್ಲಿ ಹುಲ್ಲಿನ ಕಣ ಹೇರಳವಾಗಿದ್ದರೂ ಇದ್ದಿಲು ಇಲ್ಲವೆನ್ನುವಷ್ಟು ಕಡಿಮೆ. ನೀಲಗಿರಿಯ ಜೌಗಿನ ಪೀಟ್ ಮಣ್ಣಿನಲ್ಲಿ ಪರಿಸರ ವಿಜ್ಞಾನಿ ಆರ್. ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ತೋರಿಸಿದ, ಒಣ ಹವೆಯ ಕಾಲದಲ್ಲಿ ಸಿ-4 ಹುಲ್ಲು ಹೆಚ್ಚಿದ ಕಥೆಗೆ ಈ ಕೆಳಪದರ ಹೊಂದುತ್ತದೆ. ಮೇಲಿನ ಪಟ್ಟಿ ಮನುಷ್ಯರ ಕೈಕೆಲಸವೆಂದೇ ನಾನು ಓದುತ್ತೇನೆ. ಎರಡೂ ಪದರಗಳ ಇದ್ದಿಲಿನ ವಯಸ್ಸು ಈ ಸಲ ಸರಿಯಾದ ಕ್ರಮದಲ್ಲಿ, ಕೆಳಗಿನದು ಹಳೆಯದಾಗಿಯೇ ಬಂದಿದೆ. ಕೆಳಗಿನ ಪದರದ ಇನ್ನೊಂದು ಚೂರು ಪ್ರಯೋಗಾಲಯದಲ್ಲಿದೆ, ಅದು ಬಂದ ಮೇಲೆ ವರ್ಷಗಳನ್ನು ಪ್ರಕಟಿಸುತ್ತೇನೆ.