ವಾಲಿಸದೆ ಸ್ಟಾರ್ಟ್ ಆಗುವ ಚೇತಕ್

ಹಳೆ ಬಜಾಜ್ ಚೇತಕ್ ಸ್ಕೂಟರನ್ನು ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆಯುವುದು ಅದರ ಹುಟ್ಟುಗುಣ ಅಂತ ಬಹಳ ಜನ ನಂಬಿದ್ದಾರೆ. ಅದು ಗುಣವಲ್ಲ, ರೋಗದ ಲಕ್ಷಣ. ವಾಲಿಸಿದಾಗ ಕಾರ್ಬುರೇಟರಿನ ಫ್ಲೋಟ್ ಬಟ್ಟಲಿನ ಪೆಟ್ರೋಲು ಉಕ್ಕಿ ಒಳಗೆ ಹೋಗುತ್ತದೆ. ಅಂದರೆ ತಣ್ಣನೆ ಎಂಜಿನ್ನಿಗೆ ಹೆಚ್ಚು ಪೆಟ್ರೋಲು ಕೊಡುವ ಚೋಕ್ ಮಾಡಬೇಕಾದ ಕೆಲಸವನ್ನು ನಾವು ಸೊಂಟ ಬಗ್ಗಿಸಿ ಮಾಡುತ್ತಿದ್ದೇವೆ. ಚೋಕ್ ಕೇಬಲ್ ಪೂರ್ತಿ ಎಳೆಯುತ್ತಿದ್ದು, ಪೈಲಟ್ ಜೆಟ್ (ಪೆಟ್ರೋಲು ಹಾಯುವ ಸಣ್ಣ ತೂತು) ಚೊಕ್ಕಟವಾಗಿದ್ದು, ಎಂಜಿನ್ನಿನ ರಬ್ಬರ್ ಸೀಲುಗಳು ಗಾಳಿ ಎಳೆಯದಿದ್ದರೆ ಇಪ್ಪತ್ತೈದು ಮೂವತ್ತು ವರ್ಷದ ಗಾಡಿಯೂ ನೆಟ್ಟಗೆ ನಿಂತೇ ಎರಡನೇ ಕಿಕ್ಕಿಗೆ ಶುರುವಾಗುತ್ತದೆ.

ಹಳೆ ಗಾಡಿ ಇಟ್ಟುಕೊಳ್ಳುವವರಿಗೆ ಪುಣೆ ಅನುಕೂಲದ ಊರು. ಚೇತಕ್ 1972ರಿಂದ ತಯಾರಾದದ್ದು ಇಲ್ಲೇ ಆಕುರ್ಡಿಯಲ್ಲಿ. ನಾನಾ ಪೇಠೆಯ ಅಂಗಡಿಗಳಲ್ಲಿ ಸೀಲು, ಕೇಬಲ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟು ಇನ್ನೂ ಸಿಗುತ್ತವೆ. ಹೊಸದು ಸಿಗದ ಲೋಹದ ಭಾಗಗಳಿಗೆ ಭಾನುವಾರ, ಬುಧವಾರದ ಹಳೆ ಸಾಮಾನಿನ ಸಂತೆ ಜುನಾ ಬಜಾರ್ ಇದೆ. ಅಂಗಡಿಗೆ ಹೋಗುವಾಗ ಹಳೆ ಭಾಗವನ್ನು ಕೈಯಲ್ಲೇ ಹಿಡಿದು ಹೋಗಬೇಕು. ಒಂದೇ ಹೆಸರಿನ ಗಾಡಿಯಲ್ಲಿ ಪಾಯಿಂಟ್ (ಕಿಡಿಗಾಗಿ ತೆರೆದು ಮುಚ್ಚುವ ಸ್ವಿಚ್) ಇರುವುದು, ಎಲೆಕ್ಟ್ರಾನಿಕ್ ಇಗ್ನಿಷನ್ ಇರುವುದು, ಕೊನೆಗೆ ಬಂದ ಫೋರ್‌ಸ್ಟ್ರೋಕ್ ಎಲ್ಲ ಸೇರಿವೆ. ನಾನು ಹೇಳುತ್ತಿರುವುದು ಟೂಸ್ಟ್ರೋಕ್ ಬಗ್ಗೆ: ಬೋರ್ 57 ಮಿ.ಮೀ., ಸ್ಟ್ರೋಕ್ 57 ಮಿ.ಮೀ., 145.45 ಸಿಸಿ.

ಎಳೆತ ಕಡಿಮೆಯಾಯಿತು, ಹೊಗೆ ಜಾಸ್ತಿಯಾಯಿತು ಅಂದ ಕೂಡಲೇ ಗ್ಯಾರೇಜಿನಲ್ಲಿ ಬರುವ ಉತ್ತರ "ಬೋರ್ ಮಾಡಿಸಬೇಕು", ಅಂದರೆ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಬೇಕು. ಒಪ್ಪಿಕೊಳ್ಳುವ ಮೊದಲು ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಎರಡು ಸೀಲು ನೋಡಿ. ಟೂಸ್ಟ್ರೋಕ್‌ನಲ್ಲಿ ಪೆಟ್ರೋಲು-ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಗೂಡಿಗೆ ಬಂದು ಆಮೇಲೆ ಮೇಲೇರುತ್ತದೆ. ಆ ಗೂಡಿಗೆ ಬೇರೆಲ್ಲಿಂದಲೂ ಗಾಳಿ ನುಗ್ಗಬಾರದು. ರಬ್ಬರ್ ಸೀಲು ಗಾಡಿ ಓಡಿದರೆ ಸವೆಯುತ್ತದೆ, ನಿಂತರೆ ಗಟ್ಟಿಯಾಗುತ್ತದೆ. ಆದ್ದರಿಂದ "ಕಡಿಮೆ ಓಡಿದ ಗಾಡಿ" ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಫ್ಲೈವೀಲ್ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ಒಳಬರುತ್ತದೆ. ಆ್ಯಕ್ಸಿಲರೇಟರ್ ಬಿಟ್ಟರೂ ಎಂಜಿನ್ ಸದ್ದು ತಕ್ಷಣ ಇಳಿಯುವುದಿಲ್ಲ. ಐಡ್ಲಿಂಗ್ ಏರುತ್ತ ಇಳಿಯುತ್ತ ಇರುತ್ತದೆ. ಪ್ಲಗ್ ಬಿಚ್ಚಿದರೆ ಬಿಸ್ಕತ್ತಿನ ಬಣ್ಣದ ಬದಲು ಬೆಳ್ಳಗಿರುತ್ತದೆ. ಇದೇ ಸ್ಥಿತಿಯಲ್ಲಿ ದಿವೆ ಘಾಟ್ ಹತ್ತಿಸಿದರೆ ಪಿಸ್ಟನ್ ಜಾಮ್ ಆಗುವುದು ಖಚಿತ ಅಂದರೂ ನಡೆಯುತ್ತದೆ. ಈ ಸೀಲನ್ನು ಎಂಜಿನ್ ಇಬ್ಭಾಗ ಮಾಡದೆ ಬದಲಿಸಬಹುದು. ಫ್ಲೈವೀಲ್ ನಟ್ಟಿನ ಮೇಲೆ ಸರ್‌ಕ್ಲಿಪ್ (ಬಳೆಯಂಥ ಕ್ಲಿಪ್) ಇದ್ದರೆ ಆ ನಟ್ಟೇ ಪುಲ್ಲರ್: ತಿರುಗಿಸಿದಂತೆ ಮೊದಲು ಸಡಿಲವಾಗಿ, ಮತ್ತೆ ಬಿಗಿಯಾಗಿ, ಚಕ್ರವನ್ನು ಎಳೆದು ತರುತ್ತದೆ. ಸರ್‌ಕ್ಲಿಪ್ ಇಲ್ಲದಿದ್ದರೆ ಪುಲ್ಲರ್ ತನ್ನಿ, ಸುತ್ತಿಗೆ ಮುಟ್ಟಬೇಡಿ. ಫ್ಲೈವೀಲ್ ಹಿಂದೆ ಕಾಯಿಲ್‌ಗಳನ್ನು ಹೊತ್ತ ಸ್ಟೇಟರ್ ಪ್ಲೇಟ್ ಕಳಚುವ ಮೊದಲು ಪ್ಲೇಟಿನಿಂದ ಎಂಜಿನ್ ಕೇಸಿನವರೆಗೆ ಒಂದು ಗೀಟು ಕೊರೆದುಕೊಂಡರೆ ಟೈಮಿಂಗ್ ತಪ್ಪುವುದಿಲ್ಲ. ಹಳೆ ಸೀಲಿಗೆ ಸಣ್ಣ ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆಯಿರಿ. ಹೊಸದರ ತುಟಿಗೆ ಗ್ರೀಸ್ ಸವರಿ, ಸ್ಪ್ರಿಂಗ್ ಇರುವ ಮುಖ ಒಳಗಡೆಗೆ ಬರುವಂತೆ ಹಿಡಿದು, ಅದರ ಅಳತೆಯ ಸಾಕೆಟ್ ಇಟ್ಟು ನೇರವಾಗಿ ಕೂಡಿಸಿ. ಹಳೆಯದು ಇದ್ದ ಆಳಕ್ಕಿಂತ ಒಳಗೆ ತಳ್ಳಿದರೆ ಬೇರಿಂಗಿಗೆ ಆಯಿಲ್ ಹೋಗುವ ದಾರಿ ಮುಚ್ಚುತ್ತದೆ.

ಕ್ಲಚ್ ಕಡೆಯ ಸೀಲಿನ ಕಥೆ ಬೇರೆ. ಅದರ ಆಚೆ ಇರುವುದು ಗೇರ್ ಆಯಿಲ್. ಸೀಲು ಹೋದರೆ ಎಂಜಿನ್ ಆ ಎಣ್ಣೆಯನ್ನೇ ಕುಡಿದು ಸುಡುತ್ತದೆ. ಗಾಡಿ ಬಿಸಿಯಾದ ಮೇಲೂ ನಿಲ್ಲದ ದಟ್ಟ ಹೊಗೆ, ಒದ್ದೆಯಾದ ಕಪ್ಪು ಪ್ಲಗ್, ಕಾಣದಂತೆ ಇಳಿಯುವ ಗೇರ್ ಆಯಿಲ್, ಈ ಮೂರೂ ಸೇರಿದರೆ ಬೇರೆ ಪರೀಕ್ಷೆ ಬೇಡ. ಅನುಮಾನವಿದ್ದರೆ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಗೇರ್ ಆಯಿಲ್ ತುಂಬುವ ಬೋಲ್ಟ್ ತೆಗೆದು ತೂತಿಗೆ ಬೆರಳು ಒತ್ತಿ ಹಿಡಿಯಿರಿ. ಬಡಿತ ಬಡಿತವಾಗಿ ಒತ್ತಡ ತಾಗಿದರೆ ಸೀಲು ಹೋಗಿದೆ. ಇದಕ್ಕೆ ಎಂಜಿನ್ ಪೂರ್ತಿ ಬಿಚ್ಚಲೇಬೇಕು. ಬಿಚ್ಚಿದಾಗ ಎರಡೂ ಸೀಲು, ಮೇನ್ ಬೇರಿಂಗು, ಗ್ಯಾಸ್ಕೆಟ್ ಸೆಟ್ ಒಟ್ಟಿಗೆ ಹಾಕಿಸಿ. ಸೀಲು ಅಗ್ಗ, ಕೂಲಿ ದುಬಾರಿ. ಕೇಸಿನ ಒಳಗೆ ಕ್ರ್ಯಾಂಕಿನ ಅಂಚು ಕೂದಲೆಳೆಯ ಅಂತರದಲ್ಲಿ ತಿರುಗುವ ನಯವಾದ ಪಟ್ಟಿ ಇದೆ; ಈ ಎಂಜಿನ್ನಿನ ವಾಲ್ವ್ ಅದೇ. ಅದರ ಮೇಲೆ ಆಳದ ಗೀರು ಬಿದ್ದಿದ್ದರೆ ಮಿಶ್ರಣ ಕಾರ್ಬುರೇಟರಿಗೇ ವಾಪಸು ಉಗಿಯುತ್ತದೆ. ಏರ್ ಫಿಲ್ಟರ್ ಇಲ್ಲದೆ ಓಡಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ.

ಸೀಲು ಸರಿಯಿದ್ದೂ ಕಿಕ್ ಮೆತ್ತಗಿದ್ದರೆ ಆಗ ಬೋರ್ ನೋಡುವುದು. ರಿಂಗನ್ನು ಸಿಲಿಂಡರಿನೊಳಗೆ ಪಿಸ್ಟನ್ನಿನಿಂದ ನೇರವಾಗಿ ತಳ್ಳಿ, ಬಾಯಿಯ ಅಂತರಕ್ಕೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ. ಹೊಸ ರಿಂಗಿನಲ್ಲಿ 0.20ರಿಂದ 0.35 ಮಿ.ಮೀ. ಇರಬೇಕು. ಸಿಲಿಂಡರಿನಲ್ಲಿ ಉಗುರಿಗೆ ಸಿಗುವ ಗೀರಿಲ್ಲದಿದ್ದರೆ ಬರೀ ರಿಂಗ್ ಸಾಕಾಗುತ್ತದೆ. ಹೆಡ್ ತೆಗೆದಾಗಲೇ ಎಕ್ಸಾಸ್ಟ್ ಕಿಂಡಿಯ ಕಾರ್ಬನ್ನನ್ನು, ಪಿಸ್ಟನ್ ಕೆಳಗಿಳಿಸಿ, ಬಿದಿರಿನ ಚಕ್ಕೆಯಿಂದ ಕೆರೆಯಿರಿ. ಗಾಡಿ ಒಂದು ವೇಗ ದಾಟಿ ಏರದಿದ್ದರೆ ಅರ್ಧ ಸಲ ಸೈಲೆನ್ಸರ್ ಕಟ್ಟಿರುವುದೇ ಕಾರಣ.

ಈಗ ಪೆಟ್ರೋಲು. 2023ರಿಂದ ಶುರುವಾಗಿ ಈಗ ಎಲ್ಲ ಬಂಕುಗಳಲ್ಲೂ ಬರುತ್ತಿರುವುದು ಶೇ. 20 ಎಥನಾಲ್ ಬೆರೆತದ್ದು. ಈ ಗಾಡಿ ಅದಕ್ಕಾಗಿ ಮಾಡಿದ್ದಲ್ಲ. ಮೊದಲ ಪೆಟ್ಟು ರಬ್ಬರಿಗೆ: ಪೆಟ್ರೋಲ್ ಪೈಪು ಉಬ್ಬಿ ಮೆತ್ತಗಾಗಿ ಆಮೇಲೆ ಬಿರಿಯುತ್ತದೆ, ಫ್ಲೋಟ್ ಸೂಜಿಯ ತುದಿ ಹಾಳಾಗಿ ಕಾರ್ಬುರೇಟರ್ ಉಕ್ಕುತ್ತದೆ. ಪೈಪನ್ನು ವೈಟನ್ ರಬ್ಬರಿನದ್ದಕ್ಕೆ ಬದಲಿಸಿ, ಟ್ಯಾಪಿನ ವಾಷರನ್ನೂ ಬಿಡಬೇಡಿ. ಎರಡನೆಯದು, ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಹಳೆ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲು ಇರುವುದಿಲ್ಲ. ಪ್ಲಗ್ ಬೆಳ್ಳಗೆ ಕಂಡು ಸೀಲು ಸರಿಯಿದ್ದರೆ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕುತ್ತೇನೆ. ಮಿಕ್ಸ್ಚರ್ ಸ್ಕ್ರೂ ಪೂರ್ತಿ ಒಳಗೆ ತಿರುಗಿಸಿ ಒಂದೂವರೆ ಸುತ್ತು ಹೊರಗೆ ತಂದು ಅಲ್ಲಿಂದ ಹೊಂದಿಸುವುದು. ಈ ಕಾರ್ಬುರೇಟರಿನಲ್ಲಿ ಹೊರಗೆ ತಂದಷ್ಟೂ ಪೆಟ್ರೋಲು ಹೆಚ್ಚು. ಕಾರ್ಬುರೇಟರಿನ ಎರಡು ಬೋಲ್ಟನ್ನು ಜೋರು ಮಾಡಿ ಬಿಗಿದರೆ ತಳ ಬಾಗಿ ಒಳಗಿನ ಸ್ಲೈಡ್ ಸಿಕ್ಕಿಕೊಳ್ಳುತ್ತದೆ.

ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲದ ಪುಣೆಯಲ್ಲಿ ಅರ್ಧ ಖಾಲಿ ಟ್ಯಾಂಕು ನಿಂತಿದ್ದರೆ ತಳದಲ್ಲಿ ನೀರು ಬೇರ್ಪಟ್ಟು ತುಕ್ಕು ಹಿಡಿಯುತ್ತದೆ. ಊರಿಗೆ ಹೋಗುವಾಗ ಟ್ಯಾಪ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಟ್ಯಾಂಕನ್ನು ಒಂದೋ ತುಂಬಿಸಿ ಇಲ್ಲವೇ ಪೂರ್ತಿ ಖಾಲಿ ಮಾಡಿ.

ಪೆಟ್ರೋಲಿಗೆ ಬೆರೆಸುವ ಟೂಟಿ (2T) ಆಯಿಲ್ ಶೇ. 2, ಲೀಟರಿಗೆ 20 ಮಿ.ಲೀ. ಡಬ್ಬಿಯ ಮೇಲೆ ಜಾಸೊ ಎಫ್‌ಸಿ (ಕಡಿಮೆ ಹೊಗೆಯ ದರ್ಜೆ) ಅಂತ ಇರಲಿ. ಟ್ಯಾಂಕಿಗೆ ನೇರ ಸುರಿದರೆ ತಳಕ್ಕಿಳಿದು ಜೆಟ್ ಸೇರುತ್ತದೆ. ಬೇರೆ ಬಾಟಲಿಯಲ್ಲಿ ಪೆಟ್ರೋಲಿನ ಜೊತೆ ಕುಲುಕಿ ಹಾಕಿ. ಸುರಕ್ಷತೆಗೆ ಅಂತ ಎರಡು ಪಟ್ಟು ಹಾಕುವವರಿದ್ದಾರೆ. ಆಯಿಲ್ ಹೆಚ್ಚಾದಷ್ಟೂ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಕಡಿಮೆ, ಎಂಜಿನ್ ಇನ್ನಷ್ಟು ಬಿಸಿ, ಸೈಲೆನ್ಸರ್ ಇನ್ನಷ್ಟು ಬೇಗ ಭರ್ತಿ. ಗೇರಿಗೆ ಎಸ್‌ಎಇ 30 ದರ್ಜೆಯ ಆಯಿಲ್, 250 ಮಿ.ಲೀ., ಗಾಡಿ ನೆಟ್ಟಗೆ ನಿಲ್ಲಿಸಿ ತೂತಿನಿಂದ ಹೊರಗೆ ಜಿನುಗುವವರೆಗೆ.

ಪಾಯಿಂಟ್ ಇರುವ ಮಾದರಿಯಲ್ಲಿ ಅಂತರ 0.4 ಮಿ.ಮೀ., ಪ್ಲಗ್ 0.6. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಬಿಸಿಯಾದ ಮೇಲೆ ನಿಂತು, ಚಹಾ ಕುಡಿದು ಬರುವಷ್ಟರಲ್ಲಿ ಮತ್ತೆ ಶುರುವಾದರೆ ಮೊದಲ ಅನುಮಾನ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಮೇಲೆ. ಕೇಬಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: ಒಂದು ಎಳೆ ಬಿಚ್ಚಿಕೊಂಡರೂ ಬದಲಿಸಿ, ಗೇರಿನ ಎರಡನ್ನೂ ಜೊತೆಯಾಗಿಯೇ ಹಾಕಿ.

ಟೈರ್ 3.50-10, ಗಾಳಿ ಮುಂದೆ 18, ಹಿಂದೆ ಒಬ್ಬರಿಗೆ 25 ಪಿಎಸ್‌ಐ. ರಿಮ್ ಎರಡು ಹೋಳಿನದ್ದು. ಟ್ಯೂಬಿನ ಗಾಳಿ ಪೂರ್ತಿ ತೆಗೆಯದೆ ಹೋಳುಗಳನ್ನು ಜೋಡಿಸುವ ನಟ್ಟು ಬಿಚ್ಚಿದರೆ ರಿಮ್ ಮುಖಕ್ಕೇ ಸಿಡಿಯುತ್ತದೆ. ಹೊಸ ಹುಡುಗರ ಕೈಗೆ ಚಕ್ರ ಕೊಡುವಾಗ ಇದನ್ನು ಬಾಯಿಬಿಟ್ಟು ಹೇಳಿ. ಹಿಂದಿನ ಹಬ್ಬಿನ ದೊಡ್ಡ ನಟ್ಟು ಸಡಿಲಾದರೆ ಒಳಗಿನ ಹಲ್ಲುಗಳು ಸವೆದು ಗೇರ್ ಬಿದ್ದರೂ ಚಕ್ರ ತಿರುಗುವುದಿಲ್ಲ. ಬಿಚ್ಚಿದಾಗಲೆಲ್ಲ ಹೊಸ ಸ್ಪ್ಲಿಟ್ ಪಿನ್.

ಈ ಗಾಡಿಗೆ ಬೇರೆ ಚೌಕಟ್ಟಿಲ್ಲ, ತಗಡೇ ಚೌಕಟ್ಟು. ಕಾಲಿಡುವ ಜಾಗದ ಮ್ಯಾಟ್ ಕೆಳಗೆ ನೀರು ನಿಂತರೆ ತುಕ್ಕು ಬೆನ್ನೆಲುಬಿಗೇ ಹತ್ತುತ್ತದೆ. ಜೂನ್ ಬರುವ ಮೊದಲು ಮ್ಯಾಟ್ ಎತ್ತಿ, ಕೆರೆದು, ಪ್ರೈಮರ್ ಬಳಿದು, ಮಳೆ ಮುಗಿಯುವವರೆಗೆ ಮ್ಯಾಟ್ ಇಲ್ಲದೆಯೇ ಓಡಿಸುವುದು ನನ್ನ ಕ್ರಮ.

ಕಾಗದಪತ್ರ: 15 ವರ್ಷ ತುಂಬಿದ ಮೇಲೆ ನೋಂದಣಿ ಐದೈದು ವರ್ಷಕ್ಕೆ ನವೀಕರಣ. ನವೀಕರಣದ ಅರ್ಜಿ ಫಾರ್ಮ್ 25ನ್ನು ಅವಧಿ ಮುಗಿಯುವ ಮೊದಲಿನ 60 ದಿನಗಳಲ್ಲಿ ಕೊಡಬಹುದು. ಜೊತೆಗೆ ಹಸಿರು ತೆರಿಗೆ, ಪಿಯುಸಿ, ವಿಮೆ. 2019ರ ಏಪ್ರಿಲ್‌ಗಿಂತ ಹಿಂದಿನ ಗಾಡಿಗಳಿಗೂ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಕಡ್ಡಾಯ. ಪಿಯುಸಿಗೆ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೋಗಿ. ಬಣ್ಣ ಹೊಡೆಸುವಾಗ ಚಾಸಿ ನಂಬರಿನ ಮೇಲೆ ಟೇಪ್ ಅಂಟಿಸಿ. ಕಾಗದವಿಟ್ಟು ಪೆನ್ಸಿಲ್ ಉಜ್ಜಿದರೆ ಅಚ್ಚು ಸ್ಪಷ್ಟವಾಗಿ ಮೂಡಬೇಕು. ಎಂಜಿನ್ ನಂಬರ್ ಕೊರೆದಿರುವುದು ಕೇಸಿನ ಮೇಲೆ. ಆದ್ದರಿಂದ ಕೇಸ್ ಬಿರಿದರೆ ಜುನಾ ಬಜಾರಿನಲ್ಲಿ ಅಗ್ಗಕ್ಕೆ ಸಿಗುವ ಇನ್ನೊಂದನ್ನು ತರುವ ಬದಲು ಅದನ್ನೇ ಅಲ್ಯೂಮಿನಿಯಂ ವೆಲ್ಡಿಂಗ್ ಮಾಡಿಸಿ. ಆರ್‌ಸಿಯ ನಂಬರಿಗೂ ಎಂಜಿನ್ನಿನ ನಂಬರಿಗೂ ತಾಳೆಯಾಗದಿದ್ದರೆ ಎಷ್ಟು ಚೆನ್ನಾಗಿ ಓಡುವ ಗಾಡಿಗೂ ನವೀಕರಣ ಸಿಗುವುದಿಲ್ಲ.